ಕಮ್ ಅಂದರೆ ಬರೋದಷ್ಟೇ ಅಲ್ಲ, ಕಮ್ ಅನ್ನೋದನ್ನೂ ಕಲೀಬೇಕು

ಹಾಸ್ಟೆಲಿನಲ್ಲಿ ಬೆಳಗಿನ ಜಾವ ಎದ್ದು ಕೂಗುತ್ತಿದ್ದ ಮಂತ್ರ ನೆನಪಿದೆಯೆ? ಗೋ-ವೆಂಟ್-ಗಾನ್, ಈಟ್-ಏಟ್-ಈಟನ್, ರೈಟ್-ರೋಟ್-ರಿಟನ್. ಅರ್ಥ ತಿಳಿಯದೆ ಮಂತ್ರ ಹೇಳುವ ಪುರೋಹಿತರನ್ನು ಗೇಲಿ ಮಾಡುವ ನಾವು, ಇದನ್ನೂ ಹಾಗೇ ಒಪ್ಪಿಸಿದೆವು. ಬೆಟ್ಟದಪುರ ಬಿಟ್ಟು ಮೈಸೂರಿನ ಕಾಲೇಜಿಗೆ ಹೋದಾಗ 'ನಾನು ನೆನ್ನೆನೂ ಬಂದಿದ್ದೆ' ಅನ್ನೋ ಒಂದು ಮಾತು ಇಂಗ್ಲಿಷಿನಲ್ಲಿ ನಾಲಿಗೆಗೆ ಬರಲಿಲ್ಲ. ಮೂರು ರೂಪ ಬಾಯಲ್ಲಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ.

ಇದು ನಮ್ಮ ದಡ್ಡತನವಲ್ಲ, ಕಲಿಸಿದ ರೀತಿಯ ತಪ್ಪು. ಕ್ರಿಯಾಪದ ಅಂದರೆ ಕೆಲಸ. ಕೆಲಸವನ್ನು ಮಾಡದೆ ಕಲಿಯೋದು ಹೇಗೆ? ಕೆಲಸದ ವಿಷಯದಲ್ಲಿ ನಮ್ಮ ಕೇರಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ? ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ನಮ್ಮ ತಾಯಂದಿರು ಎಲೆ ಮುರೀತಾರೆ, ಕಡ್ಡಿಗೆ ಕಟ್ತಾರೆ, ಹೊರ್ತಾರೆ, ಬ್ಯಾರನ್ನಿಗೆ ಏರಿಸ್ತಾರೆ. 'ಗ್ರೇಡ್ ಮಾಡು, ಲೋಡ್ ಮಾಡು' ಅಂತ ಶಾಲೆ ಕಾಣದ ತಾಯಿಯೂ ಇಂಗ್ಲಿಷ್ ಕ್ರಿಯಾಪದ ಆಡ್ತಾಳೆ. ಪ್ಲಕ್, ಟೈ, ಕ್ಯಾರಿ, ಹ್ಯಾಂಗ್ ಕಲಿಸೋಕೆ ಅವಳ ಮಗುವಿಗೆ ಚಿತ್ರಪುಸ್ತಕ ಯಾಕೆ? ಕಿಟಕಿ ತೆರೆದರೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಕಾಣೋ ಊರಿನಲ್ಲಿ 'ಕ್ಲೈಂಬ್' ಪದಕ್ಕೆ ಅರ್ಥ ಬರೆಸಬೇಕೆ?

ಇದು ನಮ್ಮ ತಲೆಯಿಂದ ಉದುರಿದ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ. ಮೇಷ್ಟ್ರು 'ಸ್ಟ್ಯಾಂಡ್' ಅಂತ ಎದ್ದು ನಿಲ್ಲಬೇಕು, ಮಕ್ಕಳೂ ನಿಲ್ಲಬೇಕು. ಮೊದಲು ಮೈ ಕಲಿಯುತ್ತೆ, ಬಾಯಿ ಆಮೇಲೆ. ಅಮೆರಿಕ ದೂರ ಅನ್ನುವುದಾದರೆ ಪಕ್ಕದ ಹೆಗ್ಗಡದೇವನಕೋಟೆ ನೋಡಿ. ಮಕ್ಕಳು ಆಡುತ್ತ, ಕೆಲಸ ಮಾಡುತ್ತ ಕಲಿಯುವ ನಲಿ-ಕಲಿ 1995ರಲ್ಲಿ ಹುಟ್ಟಿದ್ದು ಅಲ್ಲೇ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದಕ್ಕೂ ಮೊದಲೇ, 2007-08ರಿಂದ, ಒಂದನೇ ತರಗತಿಗೇ ಇಂಗ್ಲಿಷ್ ಬಂದಿತ್ತು.

ಆದರೆ ತರಗತಿಯೊಳಗೆ ಬಂದದ್ದೇನು? ನಾವು ಕಂಡ ಒಂದು ಶಾಲೆಯ ಮಾತು ಹೇಳುತ್ತೇವೆ. ಮೇಷ್ಟ್ರು ಕುರ್ಚಿಯಲ್ಲಿ ಕೂತೇ ಇದ್ದರು. ಸಿಟ್ ಡೌನ್, ಸ್ಟ್ಯಾಂಡ್ ಅಪ್, ಬ್ರಿಂಗ್ ವಾಟರ್, ಸ್ವೀಪ್ ದ ಫ್ಲೋರ್. ಮಕ್ಕಳು ಕೂತರು, ಎದ್ದರು, ನೀರು ತಂದರು. ಪೊರಕೆ ಹಿಡಿದವಳು ಯಾವ ಕೇರಿಯ ಮಗು ಅಂತ ಬಿಡಿಸಿ ಹೇಳಬೇಕೆ? ಆಶರನ ಪಾಠದ ಇನ್ನರ್ಧ ಅಲ್ಲಿ ಇರಲೇ ಇಲ್ಲ. ಆ ಇನ್ನರ್ಧದಲ್ಲಿ ಮಕ್ಕಳೇ ಎದ್ದು ಅಪ್ಪಣೆ ಕೊಡಬೇಕು, ಮೇಷ್ಟ್ರು ಮಾಡಬೇಕು. ಮಗು 'ಸ್ಟ್ಯಾಂಡ್ ಅಪ್' ಅಂದಾಗ ಕುರ್ಚಿ ಬಿಟ್ಟು ಏಳಬೇಕು. ಏಳ್ತೀರಾ ಸ್ವಾಮಿ?

ಅಪ್ಪಣೆಯ ರುಚಿ ನಮಗೆ ಗೊತ್ತು. ನಮ್ಮ ಅಪ್ಪಂದಿರಿಗೆ ಗೌಡರ ಹಟ್ಟಿಯಲ್ಲಿ ಕೇಳಿದ್ದು 'ಬಾರ್ಲಾ', ಅವರು ಹೇಳಬೇಕಾದದ್ದು 'ಬನ್ನಿ ಬುದ್ದಿ'. ಬರುವ ಕೆಲಸ ಒಂದೇ, ಪದಕ್ಕೆ ಮಾತ್ರ ಜಾತಿ ಅಂಟಿತ್ತು. ಇಂಗ್ಲಿಷಿನ 'ಕಮ್' ಗೌಡರಿಗೂ ಅದೇ, ಕೂಲಿಯವನಿಗೂ ಅದೇ. ಹಾಗಂತ ಇಂಗ್ಲಿಷು ಮಡಿಯಾದ ಭಾಷೆ ಅನ್ನುತ್ತಿಲ್ಲ. ಹೇಳುವವನ ದನಿಯಲ್ಲಿ 'ಬಾರ್ಲಾ' ಇದ್ದರೆ ಅವನ 'ಕಮ್' ಒಳಗೂ ಅದೇ ಇರುತ್ತೆ.

ಇನ್ನೊಂದು ಸಂಗತಿ. ಕನ್ನಡದಲ್ಲಿ 'ಬತ್ತೀನಿ' ಅಂದರೆ ಸಾಕು, 'ನಾನು' ಅದರೊಳಗೇ ಅಡಗಿದೆ. ಇಂಗ್ಲಿಷಿನಲ್ಲಿ ಅಡಗಿಸೋ ಹಾಗಿಲ್ಲ, 'ಐ' ಅಂತ ಮೊದಲು ಹೇಳಲೇಬೇಕು. ನಮ್ಮ ಮಕ್ಕಳು ಅದನ್ನು ಬಿಟ್ಟು 'ಗೋಯಿಂಗ್ ಸಾರ್' ಅನ್ನುವಾಗ ನಕ್ಕುಬಿಡ್ತಾರೆ. ನಗಬೇಡಿ, ಕಾರಣ ತಿಳಿಸಿ. 'ನಾನು' ಅಂತ ಎದೆ ಎತ್ತಿ ಹೇಳೋಕೆ ಬಿಡದ ಊರಿನಲ್ಲಿ ಇದು ಬರೀ ವ್ಯಾಕರಣ ಅಲ್ಲ.

ಕನ್ನಡ ದ್ರೋಹ ಅಂತ ಕೂಗುವವರಿಗೆ ಒಂದು ಮಾತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ಇಂಗ್ಲಿಷ್ ಕಲೀರಿ ಅಂದರು, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅವರ ಮಂತ್ರಿಗಿರಿ ಹೋಯಿತು, ದಲಿತ ಹುಡುಗರು ಏಟು ತಿಂದರು. ಕೂಗಿದವರ ಮನೆಯ ಎಷ್ಟು ಮಕ್ಕಳು ಆಮೇಲೆ ಕಾನ್ವೆಂಟಿಗೆ ಹೋಗಲಿಲ್ಲ? ನಮಗೆ ಕನ್ನಡ ಬೇಡವಾಗಿಲ್ಲ. ಈ ಹಾಳೆಯೂ ಕನ್ನಡದಲ್ಲೇ ಇದೆ. ಇಂಗ್ಲಿಷನ್ನು ಕಾನ್ವೆಂಟಿನ ಕಾಂಪೌಂಡಿನೊಳಗೇ ಕೂಡಿಹಾಕಬೇಡಿ ಅನ್ನುತ್ತಿದ್ದೇವೆ, ಅಷ್ಟೆ.

ಹಾಸ್ಟೆಲಿನ ಗೆಳೆಯರೆ, ಇಲಾಖೆಯ ಆದೇಶಕ್ಕೆ ಕಾಯಬೇಡಿ. ಸಂಜೆ ಅರ್ಧ ಗಂಟೆ ಸಾಕು. ದಿನಕ್ಕೆ ಐದು ಕ್ರಿಯಾಪದ, ಒಂದು ಬಕೆಟ್, ಒಂದು ಬಾಗಿಲು, ಒಂದು ತಟ್ಟೆ. ಒಬ್ಬ 'ಲಿಫ್ಟ್ ದ ಬಕೆಟ್' ಅನ್ನಲಿ. ಇನ್ನೊಬ್ಬ ಎತ್ತುತ್ತಲೇ 'ಐ ಆಮ್ ಲಿಫ್ಟಿಂಗ್ ದ ಬಕೆಟ್' ಅನ್ನಲಿ, ಕೆಳಗಿಟ್ಟ ಮೇಲೆ 'ಐ ಲಿಫ್ಟೆಡ್ ದ ಬಕೆಟ್' ಅನ್ನಲಿ. ಮೂರು ರೂಪ ಆಗ ಕೈಗೇ ಅಂಟುತ್ತೆ. ಆಮೇಲೆ ಅಪ್ಪಣೆ ಕೊಟ್ಟವನು ಬಕೆಟ್ ಹಿಡೀಲಿ, ಹಿಡಿದವನು ಅಪ್ಪಣೆ ಕೊಡಲಿ. ಈ ಅದಲು-ಬದಲು ಒಂದು ದಿನವೂ ತಪ್ಪಬಾರದು. ಮೊದಲ ವಾರ ಕಮ್, ಗೋ, ಬ್ರಿಂಗ್ ಆಗಲಿ. ಎರಡನೇ ವಾರ ಆಸ್ಕ್, ರೀಡ್, ರೈಟ್, ಸೈನ್ ಬರಲಿ. ರಜೆಗೆ ಊರಿಗೆ ಹೋದಾಗ ಕೇರಿಯ ಮಕ್ಕಳನ್ನು ಕೂಡಿಸಿ ಇದನ್ನೇ ಆಡಿಸಿ, ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸಿ. ಮುಂದಿನ ಸಭೆಗೆ ಬರುವಾಗ ಎಷ್ಟು ಮಕ್ಕಳು ಅಪ್ಪಣೆ ಕೊಟ್ಟರು ಅನ್ನೋ ಲೆಕ್ಕ ತನ್ನಿ. ಎಷ್ಟು ಮಕ್ಕಳು ಪಾಲಿಸಿದರು ಅನ್ನೋ ಲೆಕ್ಕ ನಮಗೆ ಬೇಡ.