ಕಿವಿಯೊಳಗಿನ ಜೀರುಂಡೆ

ನಾದವನ್ನು ನಮ್ಮ ಸಂಗೀತಶಾಸ್ತ್ರಜ್ಞರು ಆಹತ, ಅನಾಹತ ಎಂದು ಎರಡಾಗಿ ವಿಂಗಡಿಸಿದ್ದಾರೆ. ವಸ್ತುವಿಗೆ ವಸ್ತು ತಗುಲಿ ಹುಟ್ಟುವುದು ಆಹತ. ತಾಡನವಿಲ್ಲದೆ ತಾನಾಗಿಯೇ ಇರುವುದು ಅನಾಹತ. ಎರಡನೆಯದು ಯೋಗಿಗಳಿಗೆ ಮಾತ್ರ ಲಭ್ಯವೆಂದು ಪ್ರತೀತಿ. ಆದರೆ ಯಾವ ಸಾಧನೆಯನ್ನೂ ಮಾಡದ ಗೃಹಸ್ಥರಿಗೂ, ಬೇಡವೆಂದರೂ, ಹೊರಗೆಲ್ಲಿಯೂ ಹುಟ್ಟದ ಒಂದು ಸದ್ದು ಹಗಲಿರುಳೂ ಕೇಳಿಸುವುದುಂಟು. ಕೆಲವರಿಗೆ ಅದು ಜೀರುಂಡೆಯ ದನಿ, ಕೆಲವರಿಗೆ ಸಿಳ್ಳು, ಮತ್ತೆ ಕೆಲವರಿಗೆ ದೂರದ ಕಡಲಿನ ಮೊರೆತ. ಸುಶ್ರುತಸಂಹಿತೆ ಕಿವಿಯ 28 ರೋಗಗಳ ಸಾಲಿನಲ್ಲಿ ಕರ್ಣನಾದವನ್ನೂ ಎಣಿಸಿದೆ. ಇಂದಿನ ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ.

2022ರಲ್ಲಿ ಪ್ರಕಟವಾದ ಒಂದು ಸಮಗ್ರ ಅಂದಾಜಿನಂತೆ, ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಇದರ ಅನುಭವವುಂಟು. ತೀವ್ರ ಬಾಧೆಗೆ ಒಳಗಾದವರು ಸುಮಾರು ಇಬ್ಬರು. ಉಳಿದ ಹನ್ನೆರಡು ಮಂದಿ ಸಹಿಸಿಕೊಂಡ ಸದ್ದು ಈ ಇಬ್ಬರಿಗೆ ಮಾತ್ರ ಯಾತನೆಯಾಗುವುದೇಕೆ? ಅವರ ಕಿವಿಯಲ್ಲಿ ಸದ್ದು ಹೆಚ್ಚೆಂದು ಹೇಳೋಣವೆಂದರೆ, ಅಳತೆ ಅದನ್ನು ಒಪ್ಪುವುದಿಲ್ಲ. ಹೊರಗಿನ ಸದ್ದಿನೊಡನೆ ಸರಿದೂಗಿಸಿ ನೋಡಿದಾಗ, ಬಹುಮಂದಿಯ ಮೊರೆತ ಕಿವಿಗೆ ಕೇಳಿಸಬಲ್ಲ ಅತ್ಯಲ್ಪ ದನಿಗಿಂತ ಕೆಲವೇ ಡೆಸಿಬೆಲ್‌ಗಳಷ್ಟು ಮೇಲಿರುತ್ತದೆ. ಉತ್ತರವನ್ನು ಕಿವಿಯಲ್ಲಲ್ಲ, ಮಿದುಳಿನಲ್ಲಿ ಹುಡುಕಬೇಕು.

ಒಳಗಿವಿಯ ಶಂಖಾಕೃತಿಯ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಗಾಳಿಯ ಅಲೆಯನ್ನು ನರದ ಸಂಕೇತವಾಗಿ ಮಾರ್ಪಡಿಸುವುದು ಇವುಗಳ ಕಾರ್ಯ. ವೃದ್ಧಾಪ್ಯ, ಯಂತ್ರಗಳ ಗದ್ದಲ, ಕೆಲವು ಔಷಧಗಳು ಇವನ್ನು ನಾಶಮಾಡುತ್ತವೆ; ಮನುಷ್ಯನಲ್ಲಿ ಇವು ಮತ್ತೆ ಚಿಗುರುವುದಿಲ್ಲ. ಆಗ ಮಿದುಳಿನ ಶ್ರವಣಕೇಂದ್ರಗಳು ಸುಮ್ಮನಿರುವುದಿಲ್ಲ. ಕ್ಷೀಣವಾಗಿ ಬರುವ ನಿಲಯವನ್ನು ಹಿಡಿಯಲು ನಾವು ರೇಡಿಯೋದ ತಿರುಗಣೆಯನ್ನು ತಿರುಗಿಸಿದರೆ, ಹಾಡಿನ ಬದಲು ಬರಿಯ ಸುಯ್ಯೆಂಬ ಸದ್ದು ಹೆಚ್ಚುವುದಲ್ಲವೆ? ಮಿದುಳೂ ಹಾಗೆಯೇ ಬರಬೇಕಾದ ಸಂಕೇತ ಬಾರದಿದ್ದಾಗ ತನ್ನ ಗ್ರಹಣಶಕ್ತಿಯನ್ನು ಏರಿಸಿ, ನರಗಳ ಸಹಜವಾದ ತುಡಿತವನ್ನೇ ದನಿಯೆಂದು ಕೇಳುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಅನೇಕರ ಅಭಿಪ್ರಾಯ.

ಇದರ ಬೀಜ ನಮ್ಮೆಲ್ಲರಲ್ಲಿಯೂ ಇದೆ. ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ 1953ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸರಿಯಾಗಿ ಕಿವಿ ಕೇಳುವ 80 ಮಂದಿಯನ್ನು ನಿಶ್ಶಬ್ದ ಕೋಣೆಯಲ್ಲಿ ಕುಳ್ಳಿರಿಸಲಾಯಿತು. ಅವರಲ್ಲಿ ನೂರಕ್ಕೆ 94ರಷ್ಟು ಜನ ಏನೋ ಸದ್ದು ಕೇಳಿಸಿತೆಂದರು!

ಸದ್ದು ಸಂಕಟವಾಗುವುದು ಭಾವನೆಯ ಸಹವಾಸದಿಂದ. ರೈಲುಹಳಿಯ ಪಕ್ಕದಲ್ಲಿ ಹೊಸದಾಗಿ ಬಾಡಿಗೆಗೆ ಮನೆ ಹಿಡಿದವರನ್ನು ಕೇಳಿ ನೋಡಿ. ಮೊದಲ ರಾತ್ರಿ ನಿದ್ರೆಯಿಲ್ಲ. ತಿಂಗಳು ಕಳೆದರೆ ರೈಲು ಹೋದುದೇ ತಿಳಿಯದು. ಆದರೆ ಆ ಮನೆಯ ತಾಯಿ ಮಗುವಿನ ಸಣ್ಣ ನರಳಿಕೆಗೆ ಥಟ್ಟನೆ ಎಚ್ಚರಗೊಳ್ಳುತ್ತಾಳೆ. ಯಾವ ದನಿ ಮುಖ್ಯ, ಯಾವುದು ಅಮುಖ್ಯ ಎಂಬ ಈ ತೀರ್ಪಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಮತ್ತು ಅದರ ಸಂಗಡಿಗ ಭಾಗಗಳಿಗೆ ದೊಡ್ಡ ಪಾತ್ರವಿದೆ. ಕಿವಿಯ ಮೊರೆತವನ್ನು ಇವು ಅಪಾಯವೆಂದು ಗುರುತಿಸಿದರೆ ಮನಸ್ಸು ಅದನ್ನೇ ಕಾಯುತ್ತದೆ. ಕಾದಷ್ಟೂ ಅದು ಹೆಚ್ಚು ಕೇಳಿಸುತ್ತದೆ. ಕೇಳಿಸಿದಷ್ಟೂ ಭಯ ಬಲಿಯುತ್ತದೆ. ಈ ವಿಷಚಕ್ರವನ್ನು ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ 1990ರಲ್ಲಿ ವಿಶದವಾಗಿ ನಿರೂಪಿಸಿದರು.

ಭಾವನೆಯ ಪಾತ್ರವಿದೆಯೆಂದ ಮಾತ್ರಕ್ಕೆ ಇದು ಭ್ರಮೆಯಲ್ಲ. ಜೆಕ್ ಸಂಗೀತಕಾರ ಸ್ಮೆಟಾನ 1874ರಲ್ಲಿ ಕಿವುಡನಾದ. ತನ್ನನ್ನು ಕಾಡಿದ ಕರ್ಕಶ ಸ್ವರವನ್ನು 1876ರ ತನ್ನ ತಂತಿವಾದ್ಯ ಕೃತಿಯ ಕೊನೆಯ ಭಾಗದಲ್ಲಿ, ಪಿಟೀಲಿನ ನೀಳವಾದ ತಾರಸ್ವರವಾಗಿ ನುಡಿಸಿದ. ಅವನೊಬ್ಬನಿಗೇ ಕೇಳಿಸುತ್ತಿದ್ದುದು ಸಭೆಗೆಲ್ಲ ಕೇಳಿಸಿತು. ನಮ್ಮ ಮನೆಗಳ ಹಿರಿಯರಿಗೆ ಆ ಸೌಕರ್ಯವೆಲ್ಲಿ? “ಏನೂ ಇಲ್ಲ, ಸುಮ್ಮನೆ ಮಲಗಿ” ಎಂಬ ಮಾತು ಅವರ ಭಯವನ್ನು ಇಮ್ಮಡಿಸುತ್ತದೆಯೇ ಹೊರತು ಸದ್ದನ್ನು ತಗ್ಗಿಸುವುದಿಲ್ಲ.

ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯೊಡನೆ ಮಿಡಿಯುತ್ತಿದ್ದರೆ, ತಲೆಸುತ್ತು ಇಲ್ಲವೆ ಹಠಾತ್ ಕಿವುಡು ಜೊತೆಗೂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಿಕ್ಕವರಿಗೆ ಸದ್ದನ್ನೇ ಅಳಿಸುವ ಗುಳಿಗೆ ಇನ್ನೂ ದೊರೆತಿಲ್ಲ. ಆದರೆ ಭಯವನ್ನು ತಗ್ಗಿಸುವ ಮಾರ್ಗಗಳಿವೆ. ಕಿವಿ ಮಂದವಾದವರಿಗೆ ಶ್ರವಣಯಂತ್ರ, ರಾತ್ರಿಯ ಮೌನದಲ್ಲಿ ಫ್ಯಾನಿನಂಥ ಮೆಲುದನಿಯ ಆಸರೆ, ಆಲೋಚನೆಯ ಜಾಡನ್ನು ತಿದ್ದುವ ಮನೋಚಿಕಿತ್ಸೆ, ಇವು ಅನೇಕರಿಗೆ ನೆಮ್ಮದಿ ತಂದಿವೆ. ಜೀರುಂಡೆ ಹಾರಿಹೋಗದಿರಬಹುದು, ಅದರ ಕೂಗಿಗೆ ಓಗೊಡದಿರಲು ಮಿದುಳು ಕಲಿಯಬಲ್ಲುದು.