ಹೊಂದಿಕೊಳ್ಳುವುದೆಂದರೆ ಸಹಿಸಿಕೊಳ್ಳುವುದಲ್ಲ

ಹೊಂದಿಕೊಂಡು ಬಾಳುವವರಿಗೆ ಆರೋಗ್ಯವೂ ನೆಮ್ಮದಿಯೂ ಹೆಚ್ಚು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಯಾವುದಕ್ಕೆ ಹೊಂದಿಕೊಳ್ಳಬೇಕು? ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಈ ಪ್ರಶ್ನೆ ಕುಡಿಯುವ ನೀರಿನ ರೂಪದಲ್ಲಿ ಎದುರು ನಿಂತಿದೆ.

ಮಳೆ ಕಡಿಮೆಯಿರುವ ಈ ಸೀಮೆ ಕೆರೆಗಳು ಬತ್ತಿದಾಗ ಕೊಳವೆಬಾವಿಯನ್ನು ನೆಚ್ಚಿತು. ಬಂಡೆಯೊಳಗಿನ ಫ್ಲೋರೈಡ್ ನೀರಿನೊಂದಿಗೆ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಇದನ್ನು ‘ಊರ ನೀರಿನ ಗುಣ’ವೆಂದು ಸುಮ್ಮನಾಗುವುದು ಹೊಂದಾಣಿಕೆಯೇ? ಮನಸ್ಸು ಹೊಂದಿಕೊಂಡೀತು, ಮೂಳೆ ಹೊಂದಿಕೊಳ್ಳದು.

ಅಭ್ಯಾಸವನ್ನು ಬದಲಿಸುವುದೇ ನಿಜವಾದ ಹೊಂದಾಣಿಕೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಕುಡಿಯಲು ಮಾತ್ರವಲ್ಲ, ಮುದ್ದೆಗೂ ಸಾರಿಗೂ ಶುದ್ಧೀಕರಣ ಘಟಕದ ನೀರನ್ನೋ ಸೋಸಿ ಶುಚಿಗೊಳಿಸಿದ ಮಳೆನೀರನ್ನೋ ಬಳಸಬೇಕು. ರಾಗಿ, ಸೊಪ್ಪು, ಹಾಲು, ನೆಲ್ಲಿಕಾಯಿಗಳಲ್ಲಿರುವ ಸುಣ್ಣಾಂಶ ಮತ್ತು ಸಿ ಜೀವಸತ್ವ ದೇಹಕ್ಕೆ ಆಸರೆಯಾಗುತ್ತವೆ.

ಜನರು ಬದಲಾಗಬೇಕು, ಆಡಳಿತ ಮಾತ್ರ ಇದ್ದಂತೆಯೇ ಇರಬಹುದೇ? ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆ 2025ರಲ್ಲಿ ಪಾವಗಡದಲ್ಲಿ ಉದ್ಘಾಟನೆಗೊಂಡಿತು. ಉದ್ಘಾಟನೆಯಿಂದ ದಾಹ ತೀರುವುದಿಲ್ಲ. ಕಟ್ಟಕಡೆಯ ಮನೆಯ ನಲ್ಲಿಗೂ ನೀರು ನಿಯಮಿತವಾಗಿ ಬರಲಿ. ಉಳಿದ ತಾಲೂಕುಗಳ ಹಳ್ಳಿಗಳೂ ಸೇರಿ ಪ್ರತಿ ಊರಿನ ನೀರಿನ ಪರೀಕ್ಷಾ ವರದಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಕಾಣಲಿ. ಜನರ ತಾಳ್ಮೆಯನ್ನು ಅಧಿಕಾರಸ್ಥರು ಸಮ್ಮತಿಯೆಂದು ಭಾವಿಸದಿರಲಿ.