ಕಾಲದೋಷವೇ, ನಮ್ಮ ದೋಷವೇ?

ಮಳೆ ಹೊತ್ತುಗೊತ್ತಿಲ್ಲದೆ ಸುರಿದಾಗ "ಪಂಚಮಕಾಲವಪ್ಪಾ, ಹೀಗೇ" ಎಂದು ಹಿರಿಯರು ನಿಟ್ಟುಸಿರಿಡುವುದುಂಟು. ಆದರೆ ಶಾಸ್ತ್ರ ಹೇಳುವ ಪ್ರಳಯದ ಬಿರುಗಾಳಿ ಆರನೆಯ ಕಾಲದ ಕೊನೆಗೆ. 21,000 ವರ್ಷಗಳ ಪಂಚಮಕಾಲದಲ್ಲೇ ಇನ್ನೂ 18,000ಕ್ಕೂ ಹೆಚ್ಚು ವರ್ಷ ಬಾಕಿಯಿದೆ. ನಮ್ಮ ಸಾಲವನ್ನು ಕಾಲದ ಖಾತೆಗೆ ಬರೆಯುವುದು ನ್ಯಾಯವಲ್ಲ.

ಕಲ್ಲಿದ್ದಲು, ಎಣ್ಣೆ ಉರಿಸಿ ನಾವೇ ಗಾಳಿಯನ್ನು ಬಿಸಿಮಾಡಿದ್ದೇವೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಒಂದೊಂದು ಮಳೆಗೂ ಇದೇ ಕಾರಣವೆನ್ನಲಾಗದು. ಆದರೆ ಒಮ್ಮೆಗೇ ಸುರಿಯುವ ಮಳೆ ಹೆಚ್ಚುತ್ತಿದೆ. 2011ರ ನವೆಂಬರಿನಲ್ಲಿ ತಿರುಪ್ಪೂರಿನಲ್ಲಿ ನೊಯ್ಯಲ್ ಉಕ್ಕಿ ಮನೆಗಳಿಗೆ ನುಗ್ಗಿತು. 2019ರ ಡಿಸೆಂಬರ್ 2ರ ನಸುಕಿನಲ್ಲಿ, ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳಯಂ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ಬಡವರ ಮನೆಗಳ ಮೇಲೆ ಕುಸಿದು, ಮಲಗಿದ್ದ 17 ಮಂದಿ ತೀರಿಕೊಂಡರು.

ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಅನರ್ಥದಂಡ ವ್ರತ. ಖಾಲಿ ಕೋಣೆಯಲ್ಲಿ ಓಡುವ ಏಸಿ, ಅಂಗಡಿ ಮುಚ್ಚಿದ ಮೇಲೂ ಉರಿಯುವ ದೀಪ ಅದರೊಳಗೇ ಬರುತ್ತವೆ. ದೀಪಾವಳಿಗೆ ಹೊಸ ಖಾತೆ ತೆರೆಯುವ ಮುನ್ನ ಗೋದಾಮಿನ ಚರಂಡಿ, ಗೋಡೆಗಳನ್ನು ಒಮ್ಮೆ ನೋಡಿಸಿ. ಗೋಡೆಯ ಆಚೆಗೆ ಯಾರು ಮಲಗುತ್ತಾರೆಂಬುದನ್ನೂ ನೋಡಿ ಬನ್ನಿ.